ಹಸಿದವರ ಹಲ್ಲು ಎಣಿಸುವ ಚಾಳಿ

ಕೆಲವು ವರ್ಷಗಳ ಹಿಂದಿನ ಒಂದು ಸಂಜೆ. ಕೆಲಸ ಮುಗಿಸಿ ನಡೆದು ಬರುತ್ತಿದ್ದೆ. ರಸ್ತೆ ಬದಿಯಲ್ಲಿ ಕೂತಿದ್ದ ಒಬ್ಬ ಮನುಷ್ಯ, ಐವತ್ತರ ಆಸುಪಾಸು ಇರಬಹುದು, ಕೈ ಚಾಚಿ ಬೆಳಗಿನಿಂದ ಏನೂ ತಿಂದಿಲ್ಲ ಅಂದ. ನಿಂತೆ. ಬನ್ನಿ, ಊಟ ಕೊಡಿಸ್ತೀನಿ ಅಂದೆ. ಬೇಡ, ದುಡ್ಡೇ ಕೊಡಿ ಅಂದ. ಇನ್ನೊಂದು ಸಲ ಕೇಳಿದೆ. ಮತ್ತೆ ಅದೇ ಮಾತು. ಸರಿ ಬಿಡಿ ಅಂತ ಮುಂದೆ ನಡೆದೆ.

ಇಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆ. ಹತ್ತು ಹೆಜ್ಜೆ ಹೋದ ಮೇಲೆ ನನಗೆ ಖುಷಿಯಾಯಿತು, ಅದನ್ನು ಮರೆಯೋಕೆ ಆಗಿಲ್ಲ. ಬೇಜಾರಾಗಿದ್ದರೆ ಅರ್ಥ ಇತ್ತು, ಸಿಟ್ಟು ಬಂದಿದ್ದರೂ ಅರ್ಥ ಇತ್ತು. ಆದರೆ ಆದದ್ದು ಖುಷಿ. ನಾನು ಒಂದು ಪರೀಕ್ಷೆ ಇಟ್ಟೆ, ಅವನು ಫೇಲಾದ, ನನ್ನ ದುಡ್ಡು ಜೇಬಲ್ಲೇ ಉಳಿಯಿತು, ಅದರ ಮೇಲೆ ಕೊಡೋಕೆ ಮುಂದೆ ಬಂದ ಒಳ್ಳೆಯವನು ಅನ್ನುವ ಹೆಸರೂ ನನಗೇ ದಕ್ಕಿತು. ಒಂದು ಪೈಸೆ ಖರ್ಚಿಲ್ಲದೆ ಇಷ್ಟು ಲಾಭ ಬೇರೆ ಯಾವ ವ್ಯಾಪಾರದಲ್ಲಿದೆ ಹೇಳಿ. ಮನೆಗೆ ಬಂದು ಇದನ್ನೇ ಕತೆ ಮಾಡಿ ಹೇಳಿದೆ ಬೇರೆ. ಕೇಳಿದವರೆಲ್ಲ ತಲೆ ಆಡಿಸಿದರು. "ಅವರೆಲ್ಲ ಹಾಗೇ" ಅಂದರು.

ಅವನಿಗೆ ದುಡ್ಡು ಯಾಕೆ ಬೇಕಿತ್ತು ಅಂತ ನಾನು ಕೇಳಲೇ ಇಲ್ಲ. ಮನೆಯಲ್ಲಿ ಇನ್ನೂ ಮೂರು ಹೊಟ್ಟೆ ಕಾಯುತ್ತಿದ್ದವೋ ಏನೋ. ರಾತ್ರಿ ಮಲಗುವ ಜಾಗಕ್ಕೆ ಯಾರಿಗಾದರೂ ಏನಾದರೂ ಕೊಡಬೇಕಿತ್ತೋ ಏನೋ. ಅಥವಾ ಕುಡಿಯೋಕೇ ಇರಬಹುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದೇ ಇಲ್ಲಿ ವಿಷಯ, ಯಾಕಂದರೆ ಆವತ್ತು ಎಲ್ಲ ಗೊತ್ತಿರುವವನ ಹಾಗೆ ನಡೆದು ಬಂದಿದ್ದೆ.

ದಾನಕ್ಕೆ ಬಂದ ಆಕಳ ಹಲ್ಲು ಎಣಿಸಬಾರದು ಅಂತ ಗಾದೆ ಇದೆಯಲ್ಲ. ಗಾದೆ ಬುದ್ಧಿ ಹೇಳುವುದು ತೆಗೆದುಕೊಳ್ಳುವವನಿಗೆ. ಬಿಟ್ಟಿ ಸಿಕ್ಕಿದೆ, ಬಾಯಿ ಮುಚ್ಚಿಕೊಂಡು ಹೊಡ್ಕೊಂಡು ಹೋಗು ಅಂತ. ಕೊಡುವವನು ಎದುರಿಗೆ ನಿಂತವನ ಬಾಯಿ ಬಿಡಿಸಿ ಹಲ್ಲು ಎಣಿಸಬಾರದು ಅಂತ ಮಾತ್ರ ಯಾರೂ ಗಾದೆ ಮಾಡಲಿಲ್ಲ. ಅಲ್ಲಿ ಎಣಿಕೆ ದಿನಾ ನಡೆಯುತ್ತದೆ. ನಿಜವಾಗಲೂ ಹಸಿವಾ? ಕೈಕಾಲು ಗಟ್ಟಿ ಇದೆಯಲ್ಲ, ದುಡಿಯೋಕೇನು? ಮೊಬೈಲ್ ಇದೆಯಲ್ಲ? ಇಷ್ಟು ಮಕ್ಕಳನ್ನು ಯಾಕೆ ಹೆತ್ತರು? ಇದನ್ನು ನಾವು ವಿವೇಕ ಅಂತ ಕರೆಯುತ್ತೇವೆ. ಅಪಾತ್ರ ದಾನ ಅನ್ನುವ ಭಾರೀ ಪದ ಬೇರೆ ಕೈಯಲ್ಲಿದೆ.

ಈ ವಿವೇಕ ಅಧಿಕಾರ ಹಿಡಿದರೆ ಏನಾಗುತ್ತದೆ ಅಂತ ನೋಡಬೇಕಿದ್ದರೆ ಐರ್ಲೆಂಡಿನ ಕತೆ ಓದಬೇಕು. 1845ರಲ್ಲಿ ಅಲ್ಲಿನ ಆಲೂಗಡ್ಡೆ ಬೆಳೆಗೆ ರೋಗ ಬಿತ್ತು. ಬಡವರಲ್ಲಿ ಲಕ್ಷಾಂತರ ಜನ ಬದುಕಿದ್ದುದೇ ಅದರ ಮೇಲೆ. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ರೋಗದಿಂದ ಸತ್ತರು, ಹೆಚ್ಚುಕಮ್ಮಿ ಅಷ್ಟೇ ಜನ ದೇಶ ಬಿಟ್ಟು ಹಡಗು ಹತ್ತಿದರು. ಅದೇ ವರ್ಷಗಳಲ್ಲಿ ಅಲ್ಲಿಂದ ಧಾನ್ಯ, ದನಕರು ಬೇರೆ ಹಡಗುಗಳಲ್ಲಿ ಹೊರಗೆ ಹೋಗುತ್ತಲೇ ಇದ್ದವು. ಐರ್ಲೆಂಡನ್ನು ಆಗ ಆಳುತ್ತಿದ್ದುದು ಬ್ರಿಟನ್, ಹಾಗಾಗಿ ಪರಿಹಾರದ ಉಸ್ತುವಾರಿ ಇದ್ದದ್ದು ಲಂಡನ್ನಿನ ಖಜಾನೆಯ ಅಧಿಕಾರಿ ಚಾರ್ಲ್ಸ್ ಟ್ರೆವೆಲ್ಯನ್ ಕೈಯಲ್ಲಿ. ಅವನ ದೊಡ್ಡ ಚಿಂತೆ ಏನಪ್ಪಾ ಅಂದರೆ, ಸುಮ್ನೆ ಕೊಟ್ಟರೆ ಜನ ಅಭ್ಯಾಸ ಬಿದ್ದುಬಿಡುತ್ತಾರೆ, ಸರ್ಕಾರದ ಮೇಲೆ ಕೂತುಬಿಡುತ್ತಾರೆ ಅಂತ.

ಹಾಗಾಗಿ ಬಿಟ್ಟಿ ಊಟ ಬೇಡ, ಕೆಲಸ ಮಾಡಲಿ ಅಂತಾಯಿತು. 1846ರ ಕೊನೆ, 1847ರ ಶುರು, ಕೊರೆಯುವ ಚಳಿಗಾಲ. ನಿಲ್ಲೋಕೂ ತ್ರಾಣ ಇಲ್ಲದ ಜನ ಕಲ್ಲು ಒಡೆದರು, ರಸ್ತೆ ಹಾಕಿದರು. ಅದರಲ್ಲಿ ಕೆಲವು ಎಲ್ಲಿಗೂ ಹೋಗದ ರಸ್ತೆಗಳು, ನಡುವೆಯೇ ನಿಂತುಹೋಗಿರುವುದನ್ನು ಇವತ್ತೂ ತೋರಿಸುತ್ತಾರೆ. ಒಂದು ಹಂತದಲ್ಲಿ ಏಳು ಲಕ್ಷಕ್ಕೂ ಜಾಸ್ತಿ ಜನ ಈ ಕೆಲಸದಲ್ಲಿದ್ದರು. ಸಿಕ್ಕ ಕೂಲಿ ಏರಿದ ಬೆಲೆಗೆ ಸಾಲುತ್ತಿರಲಿಲ್ಲ. ಕೊನೆಗೆ ಸರ್ಕಾರವೇ ಸೋತು 1847ರಲ್ಲಿ ಗಂಜಿ ಕೇಂದ್ರ ತೆರೆಯಿತು. ಆ ಬೇಸಿಗೆಯಲ್ಲಿ ದಿನಕ್ಕೆ ಮೂವತ್ತು ಲಕ್ಷ ಜನರಿಗೆ ಅಲ್ಲಿಂದ ಊಟ ಹೋಯಿತು. ರಸ್ತೆ ಕೆಲಸಕ್ಕಿಂತ ಖರ್ಚೂ ಕಮ್ಮಿ. ಅಂದರೆ ಅಷ್ಟು ದಿನ ಆಗಲ್ಲ ಅಂದದ್ದು ಆಗುವಂಥದ್ದೇ ಆಗಿತ್ತು. ಆದರೆ ಕೆಲವೇ ತಿಂಗಳಲ್ಲಿ ಅದನ್ನು ಮುಚ್ಚಿದರು, ಹಸಿವು ಮುಗಿದಿರಲಿಲ್ಲ. ಆಮೇಲೆ ಬಂದ ನಿಯಮ ಇನ್ನೂ ಚೆನ್ನಾಗಿದೆ: ಕಾಲು ಎಕರೆಗಿಂತ ಜಾಸ್ತಿ ಜಮೀನು ಹಿಡಿದವನಿಗೆ ಪರಿಹಾರ ಇಲ್ಲ, ಬೇಕಾದರೆ ಮೊದಲು ಜಮೀನು ಬಿಟ್ಟುಕೊಡಲಿ. ಊಟ ಬೇಕಾ, ನಾಳೆಯ ಊಟ ಬೆಳೆಯುವ ನೆಲ ಬೇಕಾ, ಆರಿಸಿಕೋ. 1848ರಲ್ಲಿ ಟ್ರೆವೆಲ್ಯನ್‌ಗೆ ಸರ್ ಪದವಿ ಸಿಕ್ಕಿತು.

ಅವನನ್ನು ರಾಕ್ಷಸ ಅಂತ ಬಯ್ದು ಮುಂದೆ ಹೋಗುವುದು ಸುಲಭ. ನನಗೆ ಮುಜುಗರ ಆಗುವುದು ಅವನ ಮಾತು ಎಷ್ಟು ಪರಿಚಿತ ಅನ್ನುವುದಕ್ಕೆ. ಅಭ್ಯಾಸ ಬಿದ್ದುಬಿಡುತ್ತಾರೆ. ಸೋಮಾರಿಗಳಾಗುತ್ತಾರೆ. ಇವನ್ನು ನಾನೂ ಹೇಳಿದ್ದೇನೆ, ಹೊಟ್ಟೆ ತುಂಬ ಉಂಡು, ಕಾಲು ಚಾಚಿ ಕೂತು.

ಅದೇ 1847ರಲ್ಲಿ, ಸಮುದ್ರದ ಆಚೆ ಅಮೆರಿಕದ ಮೂಲನಿವಾಸಿಗಳಾದ ಚಾಕ್ಟಾ ಜನ ಸಭೆ ಸೇರಿ ಐರ್ಲೆಂಡಿನ ಹಸಿದವರಿಗಾಗಿ ದುಡ್ಡು ಕೂಡಿಸಿದರು. 170 ಡಾಲರ್. ಅವರನ್ನು ಅವರ ನೆಲದಿಂದ ಎಬ್ಬಿಸಿ ದೂರಕ್ಕೆ ಅಟ್ಟೋಕೆ ಶುರು ಮಾಡಿದ್ದು 1831ರಲ್ಲಿ. ಆ ದಾರಿಯಲ್ಲಿ ಹಸಿವು, ಚಳಿ, ಕಾಲರಾದಿಂದ ಸಾವಿರಾರು ಜನ ಸತ್ತಿದ್ದರು. ಐರ್ಲೆಂಡಿನವರ ಮುಖ ಕಂಡವರಲ್ಲ, ಅವರು ಸೋಮಾರಿಗಳಾ ಅಂತ ವಿಚಾರಿಸೋಕೆ ಹೋದವರೂ ಅಲ್ಲ. ಹಸಿವು ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಿರಲಿಲ್ಲ. 2020ರಲ್ಲಿ ಕೋವಿಡ್ ಬಂದು ಅಮೆರಿಕದ ನವಾಹೋ ಮತ್ತು ಹೋಪಿ ಜನ ಕಷ್ಟಕ್ಕೆ ಸಿಕ್ಕಾಗ ಐರ್ಲೆಂಡಿನ ಸಾವಿರಾರು ಜನ ದುಡ್ಡು ಕಳಿಸಿದರು, ಚಾಕ್ಟಾ ಜನರ ಆ ಋಣ ನೆನೆದು. ಕೊಟ್ಟವರು ಒಂದು ಬುಡಕಟ್ಟು, ಈಗ ತೆಗೆದುಕೊಂಡವರು ಬೇರೆ ಬುಡಕಟ್ಟು. ಲೆಕ್ಕ ಸರಿ ಹೊಂದಲಿಲ್ಲ ಅಂತ ಯಾರೂ ತಕರಾರು ತೆಗೆಯಲಿಲ್ಲ.

ಮತ್ತೆ ಆ ಸಂಜೆಗೆ ಬರುತ್ತೇನೆ. ದುಡ್ಡು ಕೊಟ್ಟರೆ ಕುಡಿದು ಹಾಳು ಮಾಡುತ್ತಾರೆ ಅನ್ನುವುದು ನನ್ನ ತಲೆಯಲ್ಲಿ ಕಲ್ಲಿನ ಹಾಗೆ ಕೂತಿತ್ತು. 2014ರಲ್ಲಿ ವಿಶ್ವ ಬ್ಯಾಂಕಿನ ಇಬ್ಬರು ಸಂಶೋಧಕರು ಇದನ್ನೇ ಹಿಡಿದು ನೋಡಿದ್ದಾರೆ. ಬಡ ಕುಟುಂಬಗಳಿಗೆ ನೇರವಾಗಿ ಹಣ ಕೊಟ್ಟ ಯೋಜನೆಗಳ ಮೇಲಿನ 19 ಅಧ್ಯಯನಗಳನ್ನು ಒಟ್ಟಿಗೆ ಇಟ್ಟುಕೊಂಡು, ಕುಡಿತಕ್ಕೆ, ತಂಬಾಕಿಗೆ ಖರ್ಚು ಏರಿತಾ ಅಂತ ಲೆಕ್ಕ ಹಾಕಿದರು. ಹೆಚ್ಚುಕಮ್ಮಿ ಎಲ್ಲ ಕಡೆ ಏರಿರಲಿಲ್ಲ, ಕೆಲವು ಕಡೆ ಇಳಿದಿತ್ತು. ಇದರರ್ಥ ನಾನು ಕಂಡ ಆ ಮನುಷ್ಯ ಕುಡಿಯುತ್ತಿರಲಿಲ್ಲ ಅಂತಲ್ಲ. ರಸ್ತೆ ಬದಿಯ ಒಬ್ಬಂಟಿ ಬದುಕು ಬೇರೆ, ತಿಂಗಳು ತಿಂಗಳು ಹಣ ಬರುವ ಕುಟುಂಬ ಬೇರೆ. ಪೇಟೆಯಲ್ಲಿ ಕಾಳೇ ಇಲ್ಲದ ಕಡೆ ಕಾಸು ಹಂಚಿದರೆ ಬೆಲೆ ಏರುತ್ತದೆ ಅಷ್ಟೇ, ಅಲ್ಲಿ ಮೂಟೆಯೇ ಹೋಗಬೇಕು. ಇದೆಲ್ಲ ನಿಜ. ಆದರೆ ಬಡವರ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿದೆ ಅಂದುಕೊಂಡಿದ್ದ ಒಂದು ವಿಷಯ ತಪ್ಪು ಅಂತಾಯಿತು, ಮತ್ತೆ ಆ ತಪ್ಪಿನಿಂದ ಇಷ್ಟು ವರ್ಷ ಉಳಿತಾಯ ಆದದ್ದು ನನ್ನ ದುಡ್ಡು.

ಹಲ್ಲು ಎಣಿಸಿಕೊಳ್ಳುವುದು ಹೇಗಿರುತ್ತದೆ ಅಂತ ಸ್ವಲ್ಪ ಮಟ್ಟಿಗೆ ನನಗೂ ಗೊತ್ತು. ತೀರಾ ಸ್ವಲ್ಪ. ಒಮ್ಮೆ ಏಳು ತಿಂಗಳು ಕೆಲಸ ಇರಲಿಲ್ಲ. ಹಸಿವಿನ ಮಟ್ಟಕ್ಕೆ ಹೋಗಲಿಲ್ಲ, ಆ ಅದೃಷ್ಟ ಇತ್ತು, ಆದರೆ ಒಬ್ಬ ಗೆಳೆಯನ ಹತ್ತಿರ ಸಾಲ ಕೇಳಬೇಕಾಯಿತು. ಮರುಮಾತಿಲ್ಲದೆ ಕೊಟ್ಟ. ಒಳ್ಳೆಯ ಮನುಷ್ಯ, ಈಗಲೂ ಗೆಳೆಯನೇ. ಒಂದು ತಿಂಗಳಾದ ಮೇಲೆ ಎದುರಿಗೆ ಸಿಕ್ಕಾಗ ನನ್ನ ಕಾಲ ಕಡೆ ನೋಡಿ, ನಗುತ್ತಾ, "ಏನು, ಹೊಸ ಶೂನಾ?" ಅಂದ. ಅಷ್ಟೇ. ಆ ಶೂ ನನ್ನ ಅಕ್ಕ ಕೊಡಿಸಿದ್ದು. ಅದನ್ನು ಅವನಿಗೆ ಹೇಳಿದೆ. ಯಾವಾಗ ಕೊಡಿಸಿದಳು, ಯಾಕೆ ಕೊಡಿಸಿದಳು, ಹಳೆಯದು ಎಷ್ಟು ಹರಿದಿತ್ತು, ಎಲ್ಲ ಹೇಳಿದೆ. ಅವನು ಕೇಳಿರಲೇ ಇಲ್ಲ. ಆಮೇಲೆ ಸಾಲ ತೀರುವ ತನಕ ಅವನನ್ನು ಭೇಟಿಯಾಗುವ ಮುಂಚೆ ಏನು ಹಾಕಿಕೊಂಡಿದ್ದೇನೆ ಅಂತ ನೋಡಿಕೊಳ್ಳುತ್ತಿದ್ದೆ. ಅವನ ಎದುರಿಗೆ ಜಾಸ್ತಿ ನಗುತ್ತಿರಲಿಲ್ಲ. ಸಾಲ ತೆಗೆದುಕೊಂಡವನು ಸ್ವಲ್ಪ ಸೋತ ಮುಖ ಇಟ್ಟುಕೊಳ್ಳಬೇಕು ಅಂತ ಯಾರೂ ಹೇಳಿಕೊಡದೆಯೇ ಬರುತ್ತದೆ. ವಾಪಸ್ ಕೊಡುವ ಸಾಲಕ್ಕೇ ಹೀಗಾದರೆ, ದಿನಾ ಕೈ ಚಾಚುವವರ ಮುಖಕ್ಕೆ ಏನೇನು ಕಲಿಸಿರುತ್ತೇವೋ.

ಇಷ್ಟೊಂದು ಹಲ್ಲು ಎಣಿಸುವ ನಾವು ದುಡ್ಡಿಗೆ ಮಾತ್ರ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ. ನನ್ನ ದುಡ್ಡು ನಾನು ಬೆವರು ಸುರಿಸಿ ದುಡಿದದ್ದು, ಅಲ್ವಾ? ಬೆವರು ಸುರಿಸಿದ್ದು ನಿಜ. ನನಗಿಂತ ಮೂರು ಪಟ್ಟು ಬೆವರು ಸುರಿಸಿ ನನ್ನ ಹತ್ತರಲ್ಲಿ ಒಂದು ಪಾಲೂ ಕಾಣದವರು ಇರುವುದೂ ನಿಜ. ಬ್ರಾಂಕೊ ಮಿಲನೊವಿಚ್ ಅನ್ನುವ ಅರ್ಥಶಾಸ್ತ್ರಜ್ಞ ದೇಶ ದೇಶಗಳ ಆದಾಯದ ಅಂಕಿಅಂಶ ಇಟ್ಟುಕೊಂಡು ಲೆಕ್ಕ ಹಾಕಿದ್ದಾರೆ. ಜಗತ್ತಿನ ಜನರ ಆದಾಯದಲ್ಲಿ ಕಾಣುವ ಏರುಪೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಪಾಲಿಗೆ ಹುಟ್ಟಿನಿಂದ ಬಂದ ಪರಿಸ್ಥಿತಿಯೇ ಕಾರಣ, ಅದರಲ್ಲೂ ಮುಖ್ಯವಾಗಿ ಯಾವ ದೇಶದಲ್ಲಿ ಹುಟ್ಟಿದರು ಅನ್ನುವುದು. ಎಲ್ಲಿ ಹುಟ್ಟಬೇಕು ಅಂತ ಯಾರೂ ಅರ್ಜಿ ಹಾಕಿ ಬಂದಿಲ್ಲ. ನನ್ನ ಸಂಬಳದ ಚೀಟಿಯಲ್ಲಿ ನನ್ನ ಬೆವರಿನದು ಎಷ್ಟು, ಹುಟ್ಟಿದ ಜಾಗದ್ದು ಎಷ್ಟು ಅಂತ ಬೇರೆ ಬೇರೆ ಸಾಲು ಇರುವುದಿಲ್ಲ, ಇದ್ದಿದ್ದರೆ ಎಷ್ಟೋ ಜಂಬ ಇಳಿಯುತ್ತಿತ್ತು.

ಶ್ರೀಮಂತರಲ್ಲಿ ಈ ವಿಷಯ ಬಿಚ್ಚುಮನಸ್ಸಿನಿಂದ ಬರೆದವನು ಆ್ಯಂಡ್ರೂ ಕಾರ್ನೆಗಿ, ಅಮೆರಿಕದ ಉಕ್ಕಿನ ದೊರೆ. 1889ರ ಒಂದು ಪ್ರಬಂಧದಲ್ಲಿ ಆತ, ದುಡ್ಡನ್ನು ತಬ್ಬಿಕೊಂಡೇ ಸಾಯುವ ಶ್ರೀಮಂತ ಮಾನ ಕಳೆದುಕೊಂಡು ಸಾಯುತ್ತಾನೆ ಅಂತ ಬರೆದ. ಬರೆದ ಹಾಗೇ ನಡೆದ ಕೂಡ. ಸುಮಾರು 35 ಕೋಟಿ ಡಾಲರ್ ಕೊಟ್ಟ, ಎರಡೂವರೆ ಸಾವಿರ ಗ್ರಂಥಾಲಯ ಕಟ್ಟಿಸಿದ. ಅದಕ್ಕೆ ಕೈ ಮುಗಿಯೋಣ. ಆದರೆ ಅದೇ ಪ್ರಬಂಧದಲ್ಲಿ, ಬೀದಿಯಲ್ಲಿ ಕೇಳಿದವನಿಗೆ ಚಿಲ್ಲರೆ ಕೊಟ್ಟ ಒಬ್ಬನನ್ನು ಎತ್ತಿಕೊಂಡು ಚೆನ್ನಾಗಿ ಬಯ್ಯುತ್ತಾನೆ. ದಾನ ಅಂತ ಖರ್ಚಾಗುವ ಸಾವಿರ ಡಾಲರಿನಲ್ಲಿ 950 ಹಾಳು, ಅದರಿಂದ ಕೆಟ್ಟದ್ದೇ ಹುಟ್ಟುವುದು ಅಂತ ಅವನ ಅಂದಾಜು. ಮೂರು ವರ್ಷ ಆದ ಮೇಲೆ, 1892ರಲ್ಲಿ, ಹೋಮ್‌ಸ್ಟೆಡ್ ಅನ್ನುವಲ್ಲಿ ಅವನದೇ ಕಾರ್ಖಾನೆಯಲ್ಲಿ ಕೂಲಿ ಇಳಿಸೋಕೆ ಹೊರಟು ಗಲಾಟೆಯಾಯಿತು, ಕಂಪನಿ ಖಾಸಗಿ ಕಾವಲು ಪಡೆ ತರಿಸಿತು, ಗುಂಡು ಹಾರಿ ಜನ ಸತ್ತರು. ಆ ಕಾಲಕ್ಕೆ ಅಲ್ಲಿ ದಿನಕ್ಕೆ 12 ಗಂಟೆ ಪಾಳಿ. ಗ್ರಂಥಾಲಯಕ್ಕೆ ಯಾವಾಗ ಹೋಗಬೇಕಿತ್ತು ಅಂತ ಕೇಳಬೇಕೆನಿಸುತ್ತದೆ. ದುಡಿದವನ ಕೈಗೆ ಕೂಲಿಯಾಗಿ ಹೋಗಬೇಕಾದದ್ದು ನಿಂತು, ಸುತ್ತು ಹಾಕಿ, ದಾನ ಅನ್ನುವ ಹೆಸರಲ್ಲಿ ಬಂತು. ಕೂಲಿ ಹಕ್ಕಾಗಿ ಸಿಗುತ್ತದೆ, ದಾನಕ್ಕೆ ಕೈ ಮುಗಿಯಬೇಕು.

ನನ್ನನ್ನು ಕಾರ್ನೆಗಿ ಪಕ್ಕ ನಿಲ್ಲಿಸಿಕೊಂಡರೆ ನಗು ಬರುತ್ತದೆ, ನನ್ನ ಹತ್ತಿರ ಏನಿದೆ ಮಹಾ. ಆದರೆ ಮನೆಗೆಲಸಕ್ಕೆ ಬರುವವರಿಗೆ ನೂರು ರೂಪಾಯಿ ಜಾಸ್ತಿ ಕೊಡೋಕೆ ಹಿಂದೆ ಮುಂದೆ ನೋಡಿ, ಹುಟ್ಟುಹಬ್ಬಕ್ಕೆ ಸಾವಿರ ದಾನ ಮಾಡಿ ಫೋಟೋ ಹಾಕುವುದು ಅದೇ ಕಾಯಿಲೆ. ಸೈಜು ಬೇರೆ ಅಷ್ಟೇ.

ಇನ್ನು ಈ ಎಣಿಕೆ ದೊಡ್ಡ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಅಂದರೆ, ಒಂದು ದೇಶದಲ್ಲಿ ಬರಗಾಲ ಅಂತ ಅಧಿಕೃತವಾಗಿ ಘೋಷಿಸೋಕೆ ಅಳತೆಗೋಲು ಇದೆ. ಐದರಲ್ಲಿ ಒಂದು ಮನೆಗೆ ಆಹಾರ ಹೆಚ್ಚುಕಮ್ಮಿ ಪೂರ್ತಿ ಕೈತಪ್ಪಿರಬೇಕು. ನೂರು ಮಕ್ಕಳಲ್ಲಿ ಮೂವತ್ತು ಮಕ್ಕಳು ತೀವ್ರವಾಗಿ ಸೊರಗಿರಬೇಕು. ದಿನಕ್ಕೆ ಹತ್ತು ಸಾವಿರ ಜನರಲ್ಲಿ ಇಬ್ಬರು ಸಾಯುತ್ತಿರಬೇಕು. ತಜ್ಞರಿಗೆ ಇಂಥದ್ದು ಬೇಕು, ಇಲ್ಲದಿದ್ದರೆ ಬಾಯಿಗೆ ಬಂದ ಹಾಗೆ ಘೋಷಣೆಗಳಾಗುತ್ತವೆ, ಒಪ್ಪುತ್ತೇನೆ. ಆದರೆ ಸೊಮಾಲಿಯಾದಲ್ಲಿ ಏನಾಯಿತು ನೋಡಿ. ಮಳೆ ಕೈಕೊಡುತ್ತಿದೆ ಅನ್ನುವ ಎಚ್ಚರಿಕೆ 2010ರಲ್ಲೇ ಬಂದಿತ್ತು. ಹಣ ಹರಿದು ಬಂದದ್ದು 2011ರ ಜುಲೈನಲ್ಲಿ ಬರಗಾಲ ಅನ್ನುವ ಪದ ಬಾಯಿಂದ ಹೊರಬಿದ್ದ ಮೇಲೆ. ಆ ಬರದಲ್ಲಿ ಒಟ್ಟು ಎರಡೂವರೆ ಲಕ್ಷಕ್ಕೂ ಜಾಸ್ತಿ ಜನ ಸತ್ತರು ಅಂತ ಆಮೇಲೆ ಲೆಕ್ಕ ಸಿಕ್ಕಿತು, ಅದರಲ್ಲಿ ಅರ್ಧದಷ್ಟು ಐದು ವರ್ಷದ ಒಳಗಿನ ಮಕ್ಕಳು. ಘೋಷಣೆ ಆಗುವ ಹೊತ್ತಿಗೇ ಅರ್ಧದಷ್ಟು ಸಾವು ನಡೆದುಹೋಗಿತ್ತು. ಯುದ್ಧ ಇತ್ತು, ಒಳಗೆ ಹೋಗೋಕೆ ಬಿಡದ ಬಂದೂಕಿನವರು ಇದ್ದರು, ಎಲ್ಲ ನಿಜ. ಆದರೆ ಜಗತ್ತು ಪುರಾವೆಗೆ ಕಾದಿತ್ತು, ಮತ್ತೆ ಹಸಿವಿನ ಪುರಾವೆ ಅಂದರೆ ಹೆಣವೇ. 2017ರಲ್ಲಿ ಮತ್ತೆ ಅಲ್ಲೇ ಭೀಕರ ಬರ ಬಂದಾಗ ಹಣ ಬೇಗ ಬಂತು, ಅದರಲ್ಲಿ ತುಂಬಾ ಪಾಲು ನೇರ ನಗದಾಗಿ ಜನರ ಕೈಗೆ ಹೋಯಿತು. ಬರಗಾಲ ಘೋಷಿಸುವ ಸ್ಥಿತಿ ಬರಲಿಲ್ಲ.

ಊಟ ಇಲ್ಲ ಅಂತಲ್ಲ. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಹಸಿವಿನಲ್ಲಿದ್ದವರು ಸುಮಾರು 67 ಕೋಟಿ ಜನ. 2022ರಲ್ಲಿ ಜಗತ್ತಿನ ಮನೆ, ಅಂಗಡಿ, ಹೋಟೆಲುಗಳಿಂದ ಕಸಕ್ಕೆ ಹೋದ ಆಹಾರ 105 ಕೋಟಿ ಟನ್, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಮನೆಗಳಿಂದ. (ತಟ್ಟೆ ಖಾಲಿ ಮಾಡು, ಎಷ್ಟೋ ಜನಕ್ಕೆ ಊಟ ಇಲ್ಲ ಅಂತ ಚಿಕ್ಕಂದಿನಲ್ಲಿ ನಮ್ಮನ್ನು ಗದರುತ್ತಿದ್ದರು. ನಾನು ಒತ್ತಾಯಕ್ಕೆ ತಿಂದ ಆ ಕೊನೆಯ ತುತ್ತು ಅವರಿಗೆ ಹೇಗೆ ತಲುಪುತ್ತದೆ ಅಂತ ಇವತ್ತಿಗೂ ಹೊಳೆದಿಲ್ಲ.) ಬಂಗಾಳದಲ್ಲಿ 1943ರಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದನ್ನು ಹುಡುಗನಾಗಿ ಕಣ್ಣಾರೆ ಕಂಡ ಅಮರ್ತ್ಯ ಸೇನ್ ಮುಂದೆ ಅರ್ಥಶಾಸ್ತ್ರಜ್ಞರಾಗಿ ವಾದಿಸಿದ್ದು ಇದನ್ನೇ: ಜನ ಹಸಿವಿನಿಂದ ಸಾಯೋಕೆ ಊರಲ್ಲಿ ಅನ್ನ ಇಲ್ಲದಿರಬೇಕು ಅಂತೇನಿಲ್ಲ, ಇರುವ ಅನ್ನ ಅವರ ಕೈಗೆ ದಕ್ಕದಿದ್ದರೆ ಸಾಕು.

ಹಾಗಾದರೆ ಇದು ಸರ್ಕಾರಗಳ ಕೆಲಸ, ನನ್ನ ಚಿಲ್ಲರೆಯಿಂದ ಏನಾಗುತ್ತದೆ ಅನ್ನಬಹುದು. ನಾನೂ ಅಂದಿದ್ದೇನೆ. ಹಸಿವಿನಿಂದ ಮುಕ್ತವಾಗಿರುವುದು ಪ್ರತಿಯೊಬ್ಬರ ಹಕ್ಕು ಅಂತ 1966ರಲ್ಲೇ ಅಂತರರಾಷ್ಟ್ರೀಯ ಒಪ್ಪಂದ ಬರೆದಾಗಿದೆ. ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದ ನೂರಕ್ಕೆ 0.7 ಪಾಲು ಬಡ ದೇಶಗಳಿಗೆ ಕೊಡಬೇಕು ಅಂತ 1970ರಲ್ಲಿ ವಿಶ್ವಸಂಸ್ಥೆ ಗುರಿ ಇಟ್ಟಿತು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಲಕ್ಸೆಂಬರ್ಗ್‌ನಂಥ ಬೆರಳೆಣಿಕೆಯ ದೇಶಗಳು ಬಿಟ್ಟರೆ ಅದನ್ನು ಹೆಚ್ಚಿನವರು ಮುಟ್ಟಲೇ ಇಲ್ಲ. ಹಾಗಾಗಿ ಸರ್ಕಾರಗಳ ಕೆಲಸ ಅನ್ನುವುದು ಸರಿಯಾದ ಮಾತೇ. ಆದರೆ ನನ್ನ ಬಾಯಲ್ಲಿ ಅದು ಬರುತ್ತಿದ್ದ ಸಮಯ ಗಮನಿಸಿದೆ. ಯಾರಾದರೂ ಕೇಳಿದಾಗ ಮಾತ್ರ ಬರುತ್ತಿತ್ತು. ಓಟು ಹಾಕುವಾಗ ಆಗಲಿ, ತೆರಿಗೆ ಕಟ್ಟುವಾಗ ಆಗಲಿ ಬರುತ್ತಿರಲಿಲ್ಲ.

ಹೀಗೇ ಇನ್ನೊಂದು. ಮಕ್ಕಳಿಗೆ ಊಟ ಹಾಕುವ ಒಂದು ಸಂಸ್ಥೆಗೆ ತಿಂಗಳು ತಿಂಗಳು ಸ್ವಲ್ಪ ಹಣ ಕಳಿಸುತ್ತಿದ್ದೆ. ಅಲ್ಲಿ ಅವ್ಯವಹಾರ ಆಗಿದೆ ಅಂತ ಓದಿದೆ, ನಿಲ್ಲಿಸಿದೆ. ನಿಲ್ಲಿಸಿದ್ದು ಸರಿ, ಸಂಸ್ಥೆಗಳ ಲೆಕ್ಕ ಕೇಳಲೇಬೇಕು, ಅವರ ಹಲ್ಲು ಒಂದೊಂದಾಗಿ ಎಣಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಹಣವನ್ನು ಬೇರೆ ಕಡೆಗೆ ತಿರುಗಿಸಬೇಕಿತ್ತಲ್ಲ. ನೋಡೋಣ, ಒಳ್ಳೆಯದನ್ನು ಹುಡುಕೋಣ ಅಂತ ಎರಡು ವರ್ಷ ಕಳೆಯಿತು. ಯಾರೋ ನಾಲ್ಕು ಜನ ಕದ್ದಿದ್ದಕ್ಕೆ ಶಿಕ್ಷೆ ಅನುಭವಿಸಿದ್ದು ಆ ಊಟ ತಿನ್ನುತ್ತಿದ್ದ ಮಕ್ಕಳು. ಆ ಎರಡು ವರ್ಷದ ಹಣ ಏನಾಯಿತು ಅಂತ ಕೇಳಿದರೆ ನನಗೆ ನಿಜವಾಗಲೂ ಹೇಳೋಕೆ ಬರಲ್ಲ. ಖರ್ಚಾಯಿತು. ಅಷ್ಟು ಹಣ ನನಗೆ ಬೇಕಿರಲಿಲ್ಲ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಏನು.

ಈಗ ಸಂಬಳ ಬಂದ ದಿನವೇ, ನಾನು ನೋಡುವ ಮುಂಚೆಯೇ, ಒಂದು ಪಾಲು ಕಟ್ಟಾಗಿ ಹೋಗುವ ಹಾಗೆ ಮಾಡಿಟ್ಟಿದ್ದೇನೆ. ಕರೆಂಟ್ ಬಿಲ್ ಹೋದ ಹಾಗೆ ಹೋಗುತ್ತದೆ. ಕೊಟ್ಟೆ ಅನ್ನುವ ಪುಳಕ ಇಲ್ಲ, ಕಣ್ಣು ತೇವ ಆಗುವುದಿಲ್ಲ, ಕತೆ ಮಾಡಿ ಹೇಳೋಕೂ ಏನಿಲ್ಲ. ಇದು ಬೋರು, ಮತ್ತೆ ಬೋರಾದ್ದರಿಂದಲೇ ನಿಲ್ಲದೆ ನಡೆಯುತ್ತಿದೆ. ನನ್ನ ಕರುಣೆ ಉಕ್ಕುವ ದಿನಕ್ಕೆ ಇನ್ನೊಬ್ಬರ ಹೊಟ್ಟೆ ಕಾಯಬೇಕಿಲ್ಲ. ಇದು ಸಾಕಾ ಅಂದರೆ ಸಾಲದು. ಎಷ್ಟು ಕೊಟ್ಟರೆ ಸಾಕು ಅನ್ನುವ ಗೆರೆಯನ್ನು ಎಲ್ಲಿ ಎಳೆದರೂ ಅದು ನನಗೆ ನೋವಾಗದ ಜಾಗದಲ್ಲೇ ಬಂದು ನಿಲ್ಲುತ್ತದೆ, ಏನು ಮಾಡಲಿ. ಇದರ ಜೊತೆಗೆ ಜೇಬಿನಲ್ಲಿ ಒಂದಿಷ್ಟು ಬಿಡಿ ನೋಟು ಬೇರೆಯಾಗಿ ಇಟ್ಟಿರುತ್ತೇನೆ. ಕೇಳಿದವರಿಗೆ ಕೊಡುವುದು, ಪ್ರಶ್ನೆ ಕೇಳದೆ. ಖಾಲಿಯಾದರೆ ಆ ದಿನಕ್ಕೆ ಮುಗಿಯಿತು.

ಹೋದ ವಾರ ಒಬ್ಬ ಹೆಂಗಸು ಕೇಳಿದಳು. ಕೊಟ್ಟೆ. ಏನೂ ಕೇಳಲಿಲ್ಲ, ಬುದ್ಧಿ ಹೇಳಲಿಲ್ಲ, ಅವಳೂ ಜಾಸ್ತಿ ಕೈ ಮುಗಿಯೋಕೆ ಹೋಗಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಎದ್ದು ಹೊರಟಳು. ನಾನೂ ಹೊರಟೆ. ತಿರುವಿನ ತನಕ ಬಂದವನು ನಿಂತು ತಿರುಗಿ ನೋಡಿದೆ, ಅವಳು ಯಾವ ಕಡೆ ಹೋಗುತ್ತಾಳೆ ಅಂತ.